ಹದಿನಾಲ್ಕು ಗ್ರಾಂ ಹೆಚ್ಚು

“ಡಬ್ಬ, ಮುಚ್ಚಳ ಎಲ್ಲ ಸೇರಿ ಎಂಟುನೂರ ನಲವತ್ತು ಗ್ರಾಂ,” ಎಂದು ಓದಿ ಹೇಳಿದ ಅಪ್ಪ, ಸಕ್ಕರೆ ಡಬ್ಬವನ್ನು ಎಲೆಕ್ಟ್ರಾನಿಕ್ ತಕ್ಕಡಿಯಿಂದ ಇಳಿಸಿ ಊಟದ ಮೇಜಿನ ನಡುವೆ ಇಟ್ಟರು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅವರು ನಿವೃತ್ತರಾಗಿದ್ದರೂ ತಕ್ಕಡಿಗೆ ನಿವೃತ್ತಿ ಸಿಕ್ಕಿರಲಿಲ್ಲ.

ಪಂದ್ಯ ಹೂಡಿದ್ದು ಮಗಳು. ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಲಹೆಗಾರ್ತಿಯಾಗಿದ್ದ ಅವಳ ಪ್ರಕಾರ ಅಪ್ಪನಿಗಿರುವುದು ಸಕ್ಕರೆಯ ಚಟ; ಅಪ್ಪನ ಪ್ರಕಾರ ಬರೀ ಬಾಯಿರುಚಿ. ಹತ್ತು ದಿನ ಇಬ್ಬರೂ ಸಕ್ಕರೆ ಮುಟ್ಟುವಂತಿಲ್ಲ. ಡಬ್ಬದ ತೂಕ ಇಳಿದರೆ ಅಪ್ಪನ ಚಹಾಕ್ಕೆ ಜೀವಮಾನವಿಡೀ ಸಕ್ಕರೆ ಇಲ್ಲ. ಇಳಿಯದಿದ್ದರೆ ಲೋಟಕ್ಕೆ ಎರಡು ಚಮಚ, ಮಗಳು ಮತ್ತೆ ತುಟಿ ಪಿಟಕ್ಕೆನ್ನಬಾರದು. ಅಮ್ಮನಿಗೆ ಸಿಹಿ ಮೊದಲಿನಿಂದಲೂ ಸೇರದು, ಹಾಗಾಗಿ ಅವರೇ ಸಾಕ್ಷಿ.

“ಸಕ್ಕರೆ ಚಟ ಅಂತ ಯಾವ ವಿಜ್ಞಾನಿ ಹೇಳಿದಾನೆ?”

“ಅವರಲ್ಲೇ ಒಮ್ಮತ ಇಲ್ಲಪ್ಪ. ಇಲಿಗಳ ಮೇಲೆ ಪ್ರಯೋಗ ಮಾಡಿದಾಗ ಚಟದ ಲಕ್ಷಣ ಕಂಡಿದೆ. ಮನುಷ್ಯರ ವಿಷಯ ಇನ್ನೂ ತೀರ್ಮಾನ ಆಗಿಲ್ಲ.”

“ನಾನೇನು ಇಲಿನಾ?”

“ಅದನ್ನೇ ನೋಡೋಣ ಅಂತ. ತಿನ್ನೋದು ಚಟ ಅಲ್ಲ. ಬಿಡ್ತೀನಿ ಅಂದು ಬಿಡಕ್ಕಾಗದೆ, ಕದ್ದು ತಿಂದು, ಅದನ್ನ ಮುಚ್ಚಿಡ್ತಾರಲ್ಲ, ಅದು ಚಟ. ದಿನಾ ನೋಡ್ತೀನಿ ಅಂಥವರನ್ನ.”

“ಡಬ್ಬಕ್ಕೆ ಅರಗಿನ ಮುದ್ರೆ ಹಾಕಲಾ?”

“ಬೇಡ. ತೆಗೆಯೋಕೆ ಆಗ್ತಿರಬೇಕು, ಆದ್ರೂ ತೆಗೀಬಾರದು. ಅದೇ ಪರೀಕ್ಷೆ.”

ಮೊದಲೆರಡು ದಿನ ಅಪ್ಪ ಸಪ್ಪೆ ಚಹಾವನ್ನು ಕಷಾಯದಂತೆ ಕಣ್ಣು ಮುಚ್ಚಿ ಗುಟುಕರಿಸಿದರು. ಮೂರನೆಯ ದಿನ ಪೇಪರ್ ತಡವಾಯಿತೆಂದು ಪೇಪರಿನವನ ಮೇಲೆ ಹರಿಹಾಯ್ದರು. ಐದನೆಯ ದಿನದಿಂದ ಇದ್ದಕ್ಕಿದ್ದಂತೆ ಸಾಧುವಾದರು. ಮಗಳೂ ಅಷ್ಟೇ. ಮೊದಮೊದಲು ತಲೆನೋವೆಂದು ಕಪಾಟಿನ ಬಾಗಿಲು ಬಡಿಯುತ್ತಿದ್ದವಳು ಆಮೇಲೆ ಹಾಡು ಗುನುಗತೊಡಗಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಡಬ್ಬ ಮತ್ತೆ ತಕ್ಕಡಿ ಏರಿತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದಿದರು. “ಎಂಟುನೂರ ಐವತ್ತನಾಲ್ಕು.”

“ಇಳಿದಿಲ್ಲ ತಾನೆ? ನೀವೇ ಗೆದ್ರಿ ಅಪ್ಪ,” ಎಂದು ಮಗಳು ಅವಸರವಸರವಾಗಿ ಡಬ್ಬಕ್ಕೆ ಕೈ ಹಾಕಿದಳು. “ಮುಗೀತು. ಇವತ್ತಿಂದ ಎರಡು ಚಮಚ.”

ಅಪ್ಪ ಸುಮ್ಮನಿದ್ದಿದ್ದರೆ ಪಂದ್ಯ ಅವರದೇ. ಆದರೆ ಅವರ ಕಣ್ಣು ಅಂಕಿಯನ್ನು ಬಿಟ್ಟು ಕದಲಲಿಲ್ಲ. ಡಬ್ಬ ಇಳಿಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಮತ್ತೆ ಇಟ್ಟರು. ಎಂಟುನೂರ ಐವತ್ತನಾಲ್ಕು. ಒಳಗಿನಿಂದ ಇನ್ನೂರು ಗ್ರಾಮಿನ ಹಿತ್ತಾಳೆ ಬಟ್ಟು ತಂದು ತಕ್ಕಡಿಯನ್ನೇ ಪರೀಕ್ಷಿಸಿದರು. ತಕ್ಕಡಿಯಲ್ಲಿ ದೋಷವಿರಲಿಲ್ಲ.

“ಸಾಧ್ಯವೇ ಇಲ್ಲ!” ಅವರ ಮುಖ ಕೆಂಪೇರಿತ್ತು. “ನಾನು ತೆಗೆದದ್ದು ಅರವತ್ತು ಗ್ರಾಂ. ಅಂಗಡಿಯಿಂದ ತಂದು ವಾಪಸ್ ಹಾಕಿದ್ದೂ ಅರವತ್ತು ಗ್ರಾಂ. ಇದೇ ತಕ್ಕಡೀಲಿ ತೂಗಿ ಹಾಕಿದೀನಿ. ನನ್ನ ತೂಕ ತಪ್ಪೋ ಮಾತೇ ಇಲ್ಲ!”

ಹೇಳಿ ಮುಗಿಸಿದ ಮೇಲೆ, ತಾವು ಏನು ಹೇಳಿದೆವೆಂಬುದು ಅವರಿಗೆ ಹೊಳೆಯಿತು.

ಕಳ್ಳ ಬಾಯಿ ಬಿಟ್ಟ ಮೇಲೆ ಮಗಳು ಕುಣಿಯಬೇಕಿತ್ತು. ಅವಳು ಮೇಜಿನ ಹಾಸಿನ ಅಂಚಿನಿಂದ ಒಂದು ನೂಲು ಎಳೆಯುವುದರಲ್ಲಿ ಮಗ್ನಳಾಗಿದ್ದಳು.

“ಹಾಗಾದ್ರೆ,” ಅಪ್ಪನ ದನಿ ಪೂರ್ತಿ ಇನ್ಸ್‌ಪೆಕ್ಟರರದಾಯಿತು, “ಹೆಚ್ಚಿಗೆ ಇರೋ ಹದಿನಾಲ್ಕು ಗ್ರಾಂ ಯಾರದು?”

ಅಮ್ಮ ಎದ್ದು ಹೋಗಿ, ಒಗೆಯಲು ಹಾಕಿದ್ದ ಮಗಳ ಕೋಟು ತಂದರು. ಜೇಬಿನಿಂದ, ಕ್ಯಾಂಟೀನುಗಳಲ್ಲಿ ಕೊಡುವಂಥ ಸಕ್ಕರೆಯ ಪುಟ್ಟ ಕಾಗದದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಎಲ್ಲವೂ ಖಾಲಿ; ಅಪ್ಪನಂತೆ ತೂಗದೆ, ಅಂದಾಜಿನ ಮೇಲೆ ಡಬ್ಬಕ್ಕೆ ಸುರಿದವು.

“ಅಲ್ಲ ಕಣೇ, ಮನೇಲಿ ಇಲಿ ಒಂದೇ ಇರೋದು ಅಂದ್ಕೊಂಡು,” ಎಂದರು, “ಹತ್ತು ದಿನದಿಂದ ನಿಮ್ಮಪ್ಪನ್ನ ಮಾತ್ರ ಕಾಯ್ತಿದ್ನಲ್ಲೇ!”