ತಲೆ ಬಡಿಯುವ ಬಾಗಿಲು

ಅಧಿಕಾರ ಬಂದವರು ಬೆಳಗಾಗುವುದರೊಳಗೆ ಎತ್ತರ ಬೆಳೆಯುವುದು ಆ ಊರಿಗೆ ಹೊಸದೇನಲ್ಲ. ಪುರಸಭೆಯ ಅಧ್ಯಕ್ಷೆಯಾಗಿ ಆಯ್ಕೆಯಾದ ಮರುದಿನ ಖಾನಾವಳಿಯ ನಿಂಬೆವ್ವನ ಸೀರೆ ಮೊಣಕಾಲಿಗೆ ಏರಿತ್ತು. ರೊಟ್ಟಿ ಬುಟ್ಟಿ ಹೊತ್ತು ಅಡುಗೆಮನೆಯಿಂದ ಬರುವಾಗ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಬಡಿಗ ಮೌನೇಶ ಕರೆಯದೆಯೇ ಗರಗಸ, ಅಳತೆ ಟೇಪು ಹಿಡಿದು ಬಂದಿದ್ದ. ಗೆದ್ದವರ ಮನೆಗೆಲ್ಲ ಅವನು ಹೀಗೆಯೇ ಬರುತ್ತಿದ್ದ.

"ಅಕ್ಕಾರ, ಬಾಗಲಾ ಎಷ್ಟ ಎತ್ತರ ಮಾಡ್ಲಿ? ಹಿಂದಿನ ಅಧ್ಯಕ್ಷರ ಮನಿ ಬಾಗಲದಾಗ ಆನಿ ಹಾಯ್ತೈತ್ರಿ."

"ಆನಿ ಹಾಯ್ತೈತಿ, ಖರೆ. ನೀರಿಲ್ಲ ಅಂತ ಹೇಳಾಕ ಹೋದ ನಮ್ಮ ಮಾರಿ ಮಾತ್ರ ಅವರಿಗೆ ಕಾಣ್ಲಿಲ್ಲ," ಎಂದಳು ನಿಂಬೆವ್ವ, ಊದಿದ ಹಣೆಗೆ ಅರಿಶಿನ ಹಚ್ಚಿಕೊಳ್ಳುತ್ತ. "ಇದಕ್ಕ ಕೈ ಹಚ್ಚಬ್ಯಾಡ."

"ದಿನಾ ತಲಿ ಬಡೀತೈತ್ರಿ!"

"ಬಡೀಲಿ. ಬಗ್ಗೂದು ರೂಢಿ ಆಗ್ಲಿ."

ಮೌನೇಶ ಪೆಚ್ಚಾಗಿ ಗರಗಸವನ್ನು ಚೀಲಕ್ಕೆ ತುರುಕಿದ. ನಿಂಬೆವ್ವ ಅವನ ಕೈಯಿಂದ ಟೇಪು ಕಸಿದುಕೊಂಡು ತನ್ನ ಬಾಗಿಲನ್ನೇ ಮೇಲಿನಿಂದ ಕೆಳಗಿನವರೆಗೆ ಅಳೆದಳು.

"ನಿನಗ ಕೆಲಸ ಇಲ್ಲಂದೆನೇನು? ನಡಿ ಪುರಸಭೆಗೆ. ಹಿಂದಿನವರು ಎತ್ತರ ಮಾಡಿಸ್ಯಾರಲ್ಲ, ಅಧ್ಯಕ್ಷರ ಕೋಣಿ ಬಾಗಲಾ? ಅದನ್ನ ಇಷ್ಟಕ್ಕ ಇಳಸು."