ಮಜ್ಜಿಗೆಹುಳಿಗೆ ಹೋದ ಹೊಸ್ತಿಲು

ಬಾಗಿಲ ಕ್ಯಾಮೆರಾ ಕಂಡದ್ದನ್ನೆಲ್ಲ ಕುಸುಮಾಳ ಗಂಡ ವಾದಿರಾಜ ಮಜ್ಜಿಗೆಹುಳಿ ಮಾಡಿಬಿಟ್ಟಿದ್ದ. ಎಲ್ಲರ ಮನೆಯಂತೆ ಅವರಲ್ಲೂ ಕ್ಯಾಮೆರಾದ ಚಿತ್ರಗಳು ಉಳಿಯುತ್ತಿದ್ದದ್ದು ಮೊಸರಿನಲ್ಲಿ. ಹೆಪ್ಪಿಗೆಂದು ಒಂದು ಚಮಚವನ್ನೂ ಅವನು ಬಿಟ್ಟಿರಲಿಲ್ಲ. ಅವತ್ತೇ ಬೆಳಗ್ಗೆ ಮಗಳು ಮೊದಲ ಸಲ ಹೊಸ್ತಿಲು ದಾಟಿದ್ದಳು. ಕುಸುಮಾ ಬರುವಷ್ಟರಲ್ಲಿ ಮಗು ಆಗಲೇ ಹೊರಗೆ ದಾಸವಾಳ ಹಿಡಿದು ಕೂತಿತ್ತು.

ಪುಣ್ಯಕ್ಕೆ, ಗಂಟೆಗೊಂದು ಹನಿ ಮೊಸರು ಗೋಡೆಯ ಕೊಳವೆಯಲ್ಲಿ ತಾನಾಗಿಯೇ ಪಕ್ಕದ ಮನೆಯ ಕುಡಿಕೆಗೆ ಹೋಗುತ್ತಿತ್ತು. ಕುಸುಮಾ ಬಟ್ಟಲು ಹಿಡಿದು ಅಲ್ಲಿಗೆ ಹೋದಳು.

“ಜಲಜಕ್ಕ, ನಮ್ಮನೆ ಹೆಪ್ಪು ಸ್ವಲ್ಪ ಕೊಡ್ತೀರಾ? ಮಗು ಹೊಸ್ತಿಲು ದಾಟಿದ್ದು ನೋಡ್ಬೇಕಿತ್ತು.”

ಜಲಜಕ್ಕ ಕುಡಿಕೆಗೆ ಸೆರಗು ಮುಚ್ಚಿಕೊಂಡರು; ಆಮೇಲೆ ತಾವೇ ಸೆರಗು ಸರಿಸಿ ಒಂದು ಚಮಚ ಬಟ್ಟಲಿಗೆ ಹಾಕಿದರು. “ಕೊಡ್ತೀನಮ್ಮ. ಬೈಯೋದಿದ್ರೆ ಪೂರ್ತಿ ನೋಡಿ ಬೈಯಿ.”

ಸಂಜೆ ಮೊಸರು ಗಟ್ಟಿಯಾಗಿ, ಕೆನೆಯ ಮೇಲೆ ಚಿತ್ರ ಮೂಡಿತು. ಜಲಜಕ್ಕ ಇವರ ಗಿಡದ ದಾಸವಾಳವನ್ನೆಲ್ಲ ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಿದ್ದರು.

“ಸಿಕ್ಕಿದ್ರು ನೋಡು ಹೂಕಳ್ಳಿ!” ಎಂದ ವಾದಿರಾಜ.

ಅಷ್ಟರಲ್ಲಿ ಹೊಸ್ತಿಲಲ್ಲಿ ಮಗು ಕಾಣಿಸಿತು. ಜಲಜಕ್ಕ ಓಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದು ಹೂವನ್ನು ಮುಂದೆ ಹಿಡಿದರು. ಮಗು ಹೊಸ್ತಿಲು ದಾಟಿತು.

ಮರುದಿನ ಬೆಳಗ್ಗೆ ಕುಸುಮಾ ಗಿಡದ ಬುಡದಲ್ಲಿ ಖಾಲಿ ಹೂಬುಟ್ಟಿ ಇಟ್ಟು, ಬಾಗಿಲು ತೆರೆದು, ಮಗುವನ್ನು ಹೊಸ್ತಿಲ ಒಳಗೆ ಕೂರಿಸಿದಳು.