ದುಂಡು ತಲೆಯ ಮೈಲಿಗಲ್ಲು

ಇವತ್ತೂ ಯಾರೋ ಬಂದು ಹೋಗಿದ್ದರು.

ಕಲ್ಲಿನ ನೆತ್ತಿಯಿಂದ ಬುಡದವರೆಗೆ ಎಣ್ಣೆಯಲ್ಲಿ ಕಲಸಿ ದೇವರ ಕಲ್ಲಿಗೆ ಬಳಿಯುವ ಕೇಸರಿ ಶೇಂದೂರ. ಮೇಲೊಂದು ಚೆಂಡುಹೂವಿನ ಮಾಲೆ. ನೀಲಗಂಗಾಬಾಯಿಗೆ ಮೈಯೆಲ್ಲ ಉರಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ಸೋಪಿನ ಪುಡಿ, ತೆಂಗಿನ ನಾರು ತೆಗೆದು, ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ, ಹಿನ್ನೀರಿನ ಖಾಡಿಗೆ ಹೋಗುವ ರಸ್ತೆಯ ಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತು ತಿಕ್ಕತೊಡಗಿದರು.

ಅದು ದೇವರಲ್ಲ, ಮೈಲಿಗಲ್ಲು. ರೈಲು ಬರುವ ಮೊದಲು ಬಂದರಿಗೆ ಹೋಗುವ ಎತ್ತಿನ ಗಾಡಿಗಳಿಗೆ ದಾರಿ ಹೇಳುತ್ತಿದ್ದ ಕಲ್ಲು. ಒಂದು ಮಗ್ಗುಲಿಗೆ ಇಂಗ್ಲಿಷ್, ಇನ್ನೊಂದಕ್ಕೆ ಹಳೆಯ ಮರಾಠಿಯ ಮೋಡಿ ಲಿಪಿ. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಬಾಯಿ ಅದನ್ನು ಕಸದಡಿಯಿಂದ ಕಂಡುಹಿಡಿದು, ಕಚೇರಿ ಕಚೇರಿ ಅಲೆದು, ಪಕ್ಕದಲ್ಲಿ ನೀಲಿ ಫಲಕ ಹಾಕಿಸಿದ್ದರು. ಕಲ್ಲಿನ ತಲೆ ದುಂಡಗಿತ್ತು. ಈಗ ಅದೇ ಮುಳುವಾಗಿತ್ತು.

ಫಲಕ ಹೋಗಿ ವಾರವಾಯಿತು. ರಸ್ತೆ ಅಗಲ ಮಾಡುವವರು ಕಿತ್ತು ಲಾರಿಗೆ ಎಸೆದಿದ್ದರು. ಇನ್ನು ಕಲ್ಲಿನ ಸರದಿ. ಕೆಲಸದ ಎಂಜಿನಿಯರ್ ರಾಜಶೇಖರ ತಮ್ಮ ವಿಜಯಪುರದ ಕಡೆಯವರೇ ಎಂದು ತಿಳಿದು ಬಾಯಿ ಮೊನ್ನೆ ಆಸೆಯಿಂದ ಅವರ ಕಚೇರಿಗೆ ಹೋಗಿದ್ದರು. ಪಕ್ಕದ ಕುರ್ಚಿಯಲ್ಲಿ ಗುತ್ತಿಗೆದಾರನ ಸೂಪರ್‌ವೈಸರ್ ಜಯೇಶ್ ಕೂತಿದ್ದ. ಡೊಂಬಿವಲಿಯಲ್ಲೇ ಹುಟ್ಟಿದ, ಕನ್ನಡದವರ ಮನೆಯ ಹುಡುಗ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

“ಬೋರ್ಡ್ ತಗಿಯಾಕ ಒಂದು ಸಹಿ ಸಾಕ್ರಿ ಅಕ್ಕೋರ. ಆ ಸಹಿ ಆಗಿಹೋಗೇದ,” ಎಂದರು ರಾಜಶೇಖರ, ತಲೆ ಎತ್ತದೆ. “ನನ್ನ ಕೈಯಾಗ ಏನೂ ಇಲ್ಲ.”

“ಅದರ ಮ್ಯಾಲೆ ಯಾರೋ ಶೇಂದೂರ ಬ್ಯಾರೆ ಬಳ್ಯಾಕತ್ತಾರ್ರೀ. ದಿನಾ ತೊಳೀತೀನಿ.”

“ಯಾಕ ಅಷ್ಟು ತಿಕ್ಕತೀರಿ? ಇದ್ದಂಗ ಇರ್ಲಿ ಬಿಡ್ರಿ.” ಜಯೇಶ್ ಕಡೆ ಒಮ್ಮೆ ನೋಡಿ ಕೇಳಿದರು, “ಎಷ್ಟೊತ್ತಿಗೆ ಬರ್ತೀರಿ ಅಲ್ಲಿ?”

“ಬೆಳಗಾಗೂದ್ರಾಗ.”

ರಾಜಶೇಖರ ತಲೆಯಾಡಿಸಿದರು. ಬಾಯಿಗೆ ತಕ್ಷಣ ಹೊಳೆಯಿತು: ತಾನಿಲ್ಲದ ಹೊತ್ತು ನೋಡಿ ಜೆಸಿಬಿ ಕಳಿಸಲು ಕೇಳುತ್ತಿದ್ದಾರೆ, ಇನ್ನೇನು! ಊರಿನವರು ಅನ್ನುವ ಭರವಸೆ ಅಲ್ಲಿಗೆ ಮುಗಿಯಿತು.

ಶೇಂದೂರದ ಅನುಮಾನ ಕಲ್ಲಿನ ಎದುರಿಗೆ ಹೂ, ಕುಂಕುಮ ಮಾರುವ ಮರಾಠಿ ಮುದುಕಿಯ ಮೇಲಿತ್ತು. ಗದರಿಸಿದ್ದೂ ಆಯಿತು. ವಿಠೋಬನ ಆಣೆ, ನಾನಲ್ಲ ಎಂದಳು ಮುದುಕಿ. ಮಾಲೆ ಒಯ್ದವರ ಮುಖವನ್ನೆಲ್ಲ ನೆನಪಿಡಲು ತನಗೇನು ಬೇರೆ ಕೆಲಸವಿಲ್ಲವೇ ಎಂದು ತಿರುಗಿ ಕೇಳಿದಳು.

ಇವತ್ತು ಕೊನೆಯ ನೀರು ಸುರಿದಾಗ ಕಲ್ಲು ಸ್ವಚ್ಛವಾಯಿತು. ಮೋಡಿ ಅಕ್ಷರ ಒಂದೊಂದೂ ಎದ್ದು ಕಂಡಿತು. ಬಾಯಿ ನೆಮ್ಮದಿಯಿಂದ ಬೆನ್ನು ನೆಟ್ಟಗೆ ಮಾಡಿದರು. ಅಷ್ಟರಲ್ಲಿ ಜೆಸಿಬಿ ಬಂತು.

“ಬಾಜೂ ಹೋ ಜಾವ್ ಆಂಟೀ,” ಪಕ್ಕಕ್ಕೆ ಸರಿಯುವಂತೆ ಕೈಬೀಸುತ್ತ ಜಯೇಶ್ ಕೂಗಿದ.

“ಇದು ಇತಿಹಾಸದ ಕಲ್ಲಪ್ಪಾ! ಮುಟ್ಟಬ್ಯಾಡ್ರಿ!”

“ಬೋರ್ಡ್ ಕಿಧರ್ ಹೈ?”

ಬಾಯಿ ಫಲಕ ಕಿತ್ತ ಖಾಲಿ ಗುಂಡಿಯತ್ತ ನೋಡಿದರು. ಜೆಸಿಬಿ ಮುಂದೆ ಸರಿಯಿತು. ಅದು ಬಂದ ದಾರಿಯತ್ತ ಅವರ ಕಣ್ಣು ಹೋಯಿತು. ಅಲ್ಲಿ ಅರಳಿಮರದಡಿ ಹೆಸರಿಲ್ಲದ ಒಂದು ಕಲ್ಲು, ಮೈತುಂಬ ಶೇಂದೂರ. ಸುತ್ತಲಿನ ನೆಲವನ್ನೆಲ್ಲ ಅಗೆದ ಯಂತ್ರ ಅದನ್ನು ಮಾತ್ರ ಬಳಸಿಕೊಂಡು ಬಂದಿತ್ತು.

ಕಲ್ಲನ್ನು ಉಳಿಸಬಹುದಾಗಿದ್ದ ಒಂದೇ ಒಂದು ವಸ್ತುವನ್ನು ಬಾಯಿ ಈಗತಾನೇ ತೊಳೆದು ಚರಂಡಿಗೆ ಬಿಟ್ಟಿದ್ದರು.

ಓಡಿದರು. ಮುದುಕಿಯ ಬುಟ್ಟಿಯಿಂದ ಕುಂಕುಮದ ಪೊಟ್ಟಣ ಕಿತ್ತುಕೊಂಡು ಬಂದು, ಒದ್ದೆ ಕಲ್ಲಿಗೆ ಎರಡೂ ಕೈಯಿಂದ ಬಳಿದರು. ಇಂಗ್ಲಿಷ್ ಮುಚ್ಚಿತು. ಮೋಡಿ ಮುಚ್ಚಿತು. ನಾಚಿಕೆಯಾಯಿತು, ಅಳು ಬಂತು, ಆದರೂ ಕೈ ನಿಲ್ಲಿಸಲಿಲ್ಲ. ಹಿಂದೆಯೇ ಬಂದ ಮುದುಕಿ ಬೈಯಲಿಲ್ಲ. ಒಂದು ಮಾಲೆ ಹಾಕಿ ಕೈಮುಗಿದಳು. ಬಸ್ಸಿಗೆ ನಿಂತಿದ್ದ ನಾಲ್ಕು ಜನ ಬಂದು ಅವರೂ ಕೈಮುಗಿದರು.

ಜೆಸಿಬಿ ಗಕ್ಕನೆ ನಿಂತಿತು. ಚಾಲಕ ಚಪ್ಪಲಿ ಬಿಟ್ಟು ಕೆಳಗಿಳಿದ. ಜಯೇಶ್ ಎಷ್ಟು ಕೂಗಾಡಿದರೂ ಮತ್ತೆ ಹತ್ತಲಿಲ್ಲ. ಕೊನೆಗೆ ಜಯೇಶ್ ಎಂಜಿನಿಯರ್ ಸಾಹೇಬರಿಗೆ ಫೋನು ಹಚ್ಚಿದ.

ರಾಜಶೇಖರ ಬಂದರು. ಜನರನ್ನು ನೋಡಿದರು, ಕಲ್ಲನ್ನು ನೋಡಿದರು, ಬಾಯಿಯ ಕೆಂಪಾದ ಕೈಗಳನ್ನು ನೋಡಿದರು. ಬಾಯಿ ಕಲ್ಲಿಗೆ ಅಡ್ಡ ನಿಂತರು. ಈ ಮನುಷ್ಯನಿಗೆ ಎಲ್ಲ ಗೊತ್ತು. ಒಂದು ಮಾತು ಆಡಿದರೆ ಸಾಕು, ಬಣ್ಣ ಬಯಲು.

ರಾಜಶೇಖರ ಬೂಟು ಬಿಚ್ಚಿ ಕೈಮುಗಿದರು. “ಮಂದಿರ್ ಹೈ, ಜಯೇಶ್. ಲೈನ್ ಉಧರ್ ಸೇ ಲೇ ಲೋ.” ರಸ್ತೆ ಗುರುತಿನ ಸುಣ್ಣದ ಗೆರೆ ಕಲ್ಲಿನಿಂದ ಆಚೆ ಸರಿಯಿತು. ಜಯೇಶ್ ಗೊಣಗುತ್ತ ಹೋದ. ಬಾಯಿ ಕಲ್ಲಿಗೇ ಒರಗಿದರು.

ಬೂಟಿನ ಲಾಡಿ ಕಟ್ಟುವ ನೆಪದಲ್ಲಿ ರಾಜಶೇಖರ ಅವರ ಹತ್ತಿರ ಬಗ್ಗಿದರು.

“ನಾಳಿಂದ ನೀವೇ ಹಚ್ರಿ ಅಕ್ಕೋರ,” ಎಂದರು ಮೆಲ್ಲಗೆ. “ದಿನಾ ನಾನು ಹಚ್ಚೂದು, ನೀವು ಬಂದು ತೊಳ್ಯೂದು, ಸಾಕಾಗಿಹೋಗೇದ ನನಗ.”